ನಾಸ್ತಿಕರ ಅಂಜಿಕೆಯೂ ನಮ್ಮ ಲಾಂಛನಗಳೂ

ಪ್ರಥಮೈಕಾದಶಿಯಂದು ತಪ್ತಮುದ್ರಾಧಾರಣೆಗಾಗಿ ನಾವು ಆಬಾಲವೃದ್ಧರೂ ಸಾಲಾಗಿ ನಿಲ್ಲುತ್ತೇವೆ. ಶಂಖಚಕ್ರಗಳ ಮುದ್ರೆಯನ್ನು ಭುಜಗಳಲ್ಲಿ ಧರಿಸುತ್ತೇವೆ. ಗೋಪೀಚಂದನದ ದ್ವಾದಶನಾಮಗಳೂ ಅಂಗಾರ-ಅಕ್ಷತೆಗಳೂ ನಮ್ಮ ನಿತ್ಯದ ಗುರುತುಗಳು. ಲಾಂಛನವೆಂಬುದು ನಮ್ಮಲ್ಲಿ ಬರಿಯ ಅಲಂಕಾರವಲ್ಲ, ಸಾಧನೆಯ ಅಂಗ. ಇಂತಹ ನಮಗೆ, ದೇವರ ಚಿಹ್ನೆಗಳನ್ನು ಕಂಡು ಕೆಲವರು ಅಂಜುವರೆಂದರೆ ಸೋಜಿಗವಾಗುವುದು ಸಹಜ. ಆದರೆ ಸರ್ಕಾರಿ ಕಚೇರಿಯ ಪೂಜೆ, ವೃತ್ತದಲ್ಲಿ ಕಟ್ಟಿದ ಧ್ವಜ, ಶಾಲೆಯ ಗೋಡೆಯ ಪಟ ಇವನ್ನು ಆಕ್ಷೇಪಿಸುವವರಲ್ಲಿ ಇಂದು ನಮ್ಮ ಮನೆಗಳ ಮಕ್ಕಳೂ ಇದ್ದಾರೆ. ಅವರನ್ನು ದೇವದ್ವೇಷಿಗಳೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಮೊದಲು ಕಾರಣವನ್ನು ವಿಚಾರಿಸುವುದು ಯುಕ್ತ.

ಮೇಲುನೋಟಕ್ಕೆ ಈ ಅಂಜಿಕೆ ಅಸಂಗತವಾಗಿಯೇ ತೋರುತ್ತದೆ. ದೇವರೇ ಇಲ್ಲವೆನ್ನುವವನಿಗೆ ವಿಗ್ರಹವು ಕಲ್ಲು, ಧ್ವಜವು ಬಟ್ಟೆ. ಕಲ್ಲಿಗೂ ಬಟ್ಟೆಗೂ ಹೆದರುವುದೇಕೆ? ಉತ್ತರವಿಷ್ಟೆ: ಅವನು ಹೆದರುವುದು ಕಲ್ಲಿಗಲ್ಲ, ಅದನ್ನು ಅಲ್ಲಿ ನಿಲ್ಲಿಸಿದವರಿಗೆ. ಆಯುಧಪೂಜೆಯ ದಿನ ಕಚೇರಿಯಲ್ಲಿ ಎಲ್ಲರೂ ಆರತಿ ತೆಗೆದುಕೊಳ್ಳುವಾಗ ಕೈ ಚಾಚದೆ ನಿಂತ ಗುಮಾಸ್ತನಿಗೆ, ಮೇಲಧಿಕಾರಿ ಇದನ್ನು ನೋಡಿದರೋ ಎಂಬ ಅಳುಕು ಹುಟ್ಟಬಹುದು. ‘ಈ ಸ್ಥಳ ನಮ್ಮದು, ನೀನು ಹೊರಗಿನವನು’ ಎಂದು ಆ ಚಿಹ್ನೆ ತನಗೆ ಹೇಳುತ್ತಿರುವಂತೆ ಅವನಿಗೆ ಕೇಳಿಸುತ್ತದೆ.

ಇಂತಹುದೇ ವಿವಾದವೊಂದು ಇಟಲಿಯಲ್ಲಿ ನಡೆಯಿತು. ಅಲ್ಲಿನ ಸರ್ಕಾರಿ ಶಾಲೆಯ ತರಗತಿಗಳಲ್ಲಿದ್ದ ಶಿಲುಬೆಯನ್ನು ಒಬ್ಬ ತಾಯಿ ಆಕ್ಷೇಪಿಸಿದಳು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2009ರಲ್ಲಿ ಆಕೆಯ ಪರವಾಗಿ ತೀರ್ಪಿತ್ತಿತು. 2011ರ ಮಾರ್ಚ್ ತಿಂಗಳಲ್ಲಿ ಅದೇ ನ್ಯಾಯಾಲಯದ ಮಹಾಪೀಠವು ಆ ತೀರ್ಪನ್ನು ಬದಲಿಸಿತು. ಗೋಡೆಯ ಶಿಲುಬೆ ನಿಷ್ಕ್ರಿಯ ಚಿಹ್ನೆ, ಅದು ಬೋಧನೆಗಾಗಲಿ ಧಾರ್ಮಿಕ ಕ್ರಿಯೆಯಲ್ಲಿ ಭಾಗವಹಿಸುವುದಕ್ಕಾಗಲಿ ಸಮನಾದ ಪ್ರಭಾವ ಬೀರದು ಎಂಬುದು ಅದರ ಅಭಿಪ್ರಾಯ. ಸುಮ್ಮನಿರುವ ಚಿಹ್ನೆ ಬೇರೆ, ಒತ್ತಾಯಿಸುವ ಚಿಹ್ನೆ ಬೇರೆ ಎಂಬ ಈ ವಿವೇಚನೆ ನಮಗೂ ಉಪಯುಕ್ತ.

ಸುಮ್ಮನಿರುವ ಲಾಂಛನಕ್ಕೆ ಉದಾಹರಣೆ ನಮ್ಮ ಕಳಸದ ಬಳಿಯಲ್ಲೇ ಇದೆ. ಭದ್ರಾನದಿಯ ಅಂಬುತೀರ್ಥದಲ್ಲಿರುವ ಬೃಹತ್ ಶಿಲೆಯನ್ನು ಶ್ರೀಮದಾಚಾರ್ಯರು ಒಂದೇ ಕೈಯಿಂದ ತಂದು ಸ್ಥಾಪಿಸಿದರೆಂದು ಅಲ್ಲಿನ ಸಂಸ್ಕೃತ ಬರಹ ಹೇಳುತ್ತದೆ. ಆಸ್ತಿಕನು ಅಲ್ಲಿ ಕೈಮುಗಿಯುತ್ತಾನೆ. ನಂಬದವನು ಹರಿಯುವ ನೀರನ್ನೂ ಹಳೆಯ ಅಕ್ಷರಗಳನ್ನೂ ನೋಡಿ ಹಿಂದಿರುಗುತ್ತಾನೆ. ಆ ಶಿಲೆ ಯಾರನ್ನೂ ತಡೆದು ‘ನಮಸ್ಕರಿಸು’ ಎನ್ನುವುದಿಲ್ಲ. ಇಂತಹ ಚಿಹ್ನೆಯನ್ನೂ ದಬ್ಬಾಳಿಕೆಯೆಂದು ಭಾವಿಸುವ ನಾಸ್ತಿಕನಿದ್ದರೆ, ಅದು ಅವನ ತಪ್ಪುತಿಳಿವಳಿಕೆಯೇ ಸರಿ. ಅದನ್ನು ಹೇಳಲು ನಾವು ಸಂಕೋಚಪಡಬೇಕಾಗಿಲ್ಲ.

ಆದರೆ ಎಲ್ಲ ಅಂಜಿಕೆಯೂ ನಿರಾಧಾರವಲ್ಲ. 2015ರ ಆಗಸ್ಟ್ 30ರಂದು ಸಂಶೋಧಕ ಎಂ. ಎಂ. ಕಲ್ಬುರ್ಗಿಯವರನ್ನು ಧಾರವಾಡದ ಅವರ ಮನೆಯಲ್ಲಿ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶರನ್ನು ಬೆಂಗಳೂರಿನ ಅವರ ಮನೆಯೆದುರು ಕೊಂದರು. ವಚನಸಾಹಿತ್ಯದಲ್ಲಿ ಬಾಳು ಸವೆಸಿದ ಕಲ್ಬುರ್ಗಿಯವರನ್ನು ನಾಸ್ತಿಕರೆನ್ನುವಂತೆಯೂ ಇಲ್ಲ. ಅಪರಾಧದ ನಿರ್ಣಯ ನ್ಯಾಯಾಲಯಕ್ಕೆ ಸೇರಿದುದು. ಆದರೆ ಇಂತಹ ಸುದ್ದಿಯನ್ನು ಓದಿದ ಅವಿಶ್ವಾಸಿಯೊಬ್ಬನು ಮರುದಿನ ಬೀದಿಯಲ್ಲಿ ಘೋಷಣೆ ಕೂಗುವ ಮೆರವಣಿಗೆಯನ್ನು ಕಂಡು ಬಾಗಿಲು ಹಾಕಿಕೊಂಡರೆ, ಅವನನ್ನು ಹಾಸ್ಯಮಾಡುವುದು ಸಜ್ಜನರ ಲಕ್ಷಣವಲ್ಲ.

ಇನ್ನು ಕೆಲವರ ವಿರೋಧವು ದೇವರಿಗಿಂತ ಆಡಂಬರಕ್ಕೂ ಮಧ್ಯವರ್ತಿತ್ವಕ್ಕೂ ಸಂಬಂಧಿಸಿದ್ದು. ಕಳಸವು ಬಹುಕಾಲ ಸೇರಿದ್ದ ಮೂಡಿಗೆರೆ ತಾಲ್ಲೂಕಿನಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ವಿವಾಹವು 1966ರಲ್ಲಿ, ತಂದೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಕ್ರಮದಲ್ಲಿ ಜರುಗಿತು. ಅದರಲ್ಲಿ ಪುರೋಹಿತರಿಲ್ಲ, ದುಂದುವೆಚ್ಚವಿಲ್ಲ; ಆದರೆ ಮಂತ್ರಗಳಿವೆ, ಅವುಗಳ ಅರ್ಥವೂ ಇದೆ. ನಮಗೆ ಆ ಕ್ರಮ ಸಮ್ಮತವಾಗದಿರಬಹುದು. ಆದರೂ ಲಾಂಛನವನ್ನು ಪ್ರಶ್ನಿಸಿದವರೆಲ್ಲರೂ ಮಂತ್ರವನ್ನೇ ತೊರೆದವರಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಪ್ರಕೃತ ನಮ್ಮ ಸಿದ್ಧಾಂತವೇನು ಹೇಳುತ್ತದೆ? ಪ್ರತಿಮೆಯೇ ದೇವರಲ್ಲ, ಪ್ರತಿಮೆಯಲ್ಲಿ ಸನ್ನಿಹಿತನಾದ ಭಗವಂತನು ಅದಕ್ಕಿಂತ ಅತ್ಯಂತ ಭಿನ್ನನು. ಜಡವನ್ನೇ ಈಶ್ವರನೆಂದು ತಿಳಿಯುವುದು ಪಂಚಭೇದಜ್ಞಾನಕ್ಕೆ ವಿರುದ್ಧ. ಚಿಹ್ನೆಯನ್ನು ಯಾರೋ ಒಪ್ಪದಿದ್ದಮಾತ್ರಕ್ಕೆ ಸ್ವತಂತ್ರನಾದ ಶ್ರೀಹರಿಗೆ ಯಾವ ಕೊರತೆಯೂ ಒದಗದು. ಮೇಲಾಗಿ, ಭಗವಂತನ ಮಾಹಾತ್ಮ್ಯವನ್ನರಿತು ಹುಟ್ಟುವ, ಎಲ್ಲಕ್ಕಿಂತ ಮಿಗಿಲಾದ ದೃಢಸ್ನೇಹವೇ ಭಕ್ತಿಯೆಂದು ಆಚಾರ್ಯರು ನಿರೂಪಿಸಿದ್ದಾರೆ. ಅಂಜಿ ಬಾಗಿದ ತಲೆಯಲ್ಲಿ ಆ ಜ್ಞಾನವೂ ಇಲ್ಲ, ಆ ಸ್ನೇಹವೂ ಇಲ್ಲ. ಪರಮತವನ್ನು ನಮ್ಮ ಪೂರ್ವಿಕರು ಎದುರಿಸಿದ್ದು ವಾದದಿಂದ. ತ್ರಿವಿಕ್ರಮಪಂಡಿತಾಚಾರ್ಯರು ಹಲವು ದಿನ ವಾದಿಸಿದ ನಂತರವೇ ಆಚಾರ್ಯರ ಶಿಷ್ಯರಾದರು. ವಿಷ್ಣುತತ್ತ್ವವಿನಿರ್ಣಯದಲ್ಲಿ ಧರ್ಮವನ್ನೇ ಒಪ್ಪದವನಿಗೂ ಆಚಾರ್ಯರು ಕೊಟ್ಟಿರುವುದು ಯುಕ್ತಿಯ ಉತ್ತರ: ಧರ್ಮಾದಿಗಳಿಲ್ಲವೆಂದರೆ ಅವನ ಶಾಸ್ತ್ರದಿಂದ ಲೋಕಕ್ಕೆ ಆಗುವ ಪ್ರಯೋಜನವಾದರೂ ಏನು?

ಆದುದರಿಂದ ನಮ್ಮ ಕರ್ತವ್ಯ ಸ್ಪಷ್ಟ. ನಮ್ಮ ದೇಹದ ಮೇಲಿನ ಮುದ್ರೆ, ನಮ್ಮ ಮನೆಯ ಪೂಜೆ, ದೇವಾಲಯದ ಉತ್ಸವ ಇವುಗಳಲ್ಲಿ ಅಳುಕದಿರೋಣ. ಸಂವಿಧಾನದ 25ನೆಯ ವಿಧಿ ಈ ಸ್ವಾತಂತ್ರ್ಯವನ್ನು ನಮಗೆ ಕೊಟ್ಟಿದೆ. ಅದೇ ವಿಧಿಯು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ನಂಬದವನಿಗೂ ಕೊಟ್ಟಿದೆಯೆಂಬುದನ್ನು ನೆನೆಯೋಣ. ಸಾರ್ವಜನಿಕ ರಸ್ತೆ, ಉದ್ಯಾನಗಳಲ್ಲಿ ದೇವರ ಹೆಸರಿನಿಂದ ಅನಧಿಕೃತ ಕಟ್ಟಡ ಕಟ್ಟಲು ಬಿಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2009ರ ಸೆಪ್ಟೆಂಬರ್ 29ರಂದು ಆದೇಶಿಸಿದೆ. ಇದನ್ನು ಧರ್ಮಕ್ಕೆ ಬಂದ ವಿಘ್ನವೆಂದು ತಿಳಿಯಬಾರದು. ಎಲ್ಲರ ನೆಲವನ್ನು ಒತ್ತಿಕೊಂಡು ಕಟ್ಟಿದ ಗುಡಿಯಲ್ಲಿ ಪುಣ್ಯಸಂಪಾದನೆ ಎಂತು?

ಮನೆಯಲ್ಲಿಯೂ ಇದೇ ನೀತಿ. ಓದಿ ಬಂದ ಮಗನು ಮುದ್ರೆ ಬೇಡವೆಂದರೆ ಗದರಿಸಿ ಹಾಕಿಸುವುದರಿಂದ ಅವನಿಗೆ ಉಳಿಯುವುದು ಮುದ್ರೆಯ ಮೇಲಿನ ಮುನಿಸು ಮಾತ್ರ. ಅದರ ಅರ್ಥವೇನು, ಪ್ರಮಾಣವೇನು ಎಂದು ಅವನು ಕೇಳಿದಾಗ ಹೇಳಬಲ್ಲಷ್ಟು ಅಧ್ಯಯನ ನಮ್ಮಲ್ಲಿರಲಿ. ಈ ಚಾತುರ್ಮಾಸ್ಯದ ಪ್ರವಚನಗಳಿಗೆ ಅಂತಹ ಮಕ್ಕಳನ್ನೂ ಅವರ ಪ್ರಶ್ನೆಗಳೊಡನೆಯೇ ಕರೆತರೋಣ.

ಶ್ರೀಕೃಷ್ಣಾರ್ಪಣಮಸ್ತು.