ಕಮಲಾಪುರದ ಆಫೀಸಿಗೆ ಗಾಜಿನ ಗೋಡೆ ಬೇಕೆ?

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಕಮಲಾಪುರದಲ್ಲಿ ಲೆಕ್ಕಪತ್ರ ಮತ್ತು ಆನ್‌ಲೈನ್ ಅರ್ಜಿಯ ಸಣ್ಣ ಆಫೀಸು ತೆರೆಯಲಿದ್ದೇವೆ. ಹತ್ತು ಜನ ಕೆಲಸಕ್ಕಿರುತ್ತಾರೆ. ನೌಕರರ ಆರೋಗ್ಯ, ನೆಮ್ಮದಿಗೆ ತಕ್ಕಂತೆ ಆಫೀಸು ಕಟ್ಟಬೇಕೆಂದು ಈಗ ಎಲ್ಲರೂ ಹೇಳುತ್ತಾರೆ. ಬೆಂಗಳೂರಿನಲ್ಲಿ ನೋಡಿದ ಗಾಜಿನ ಗೋಡೆ, ಗಿಡ, ಸೋಫಾ ನಮಗೂ ಬೇಕೆ?
— ಓದುಗರು, ಕಮಲಾಪುರ

ಉತ್ತರ: ಬಾಡಿಗೆ ಕರಾರಿಗೆ ಮುಂಚೆಯೇ ಕೇಳಿದಿರಿ, ಸಂತೋಷ. ಆಮೇಲೆ ಕೇಳಿದ್ದರೆ ಈ ಉತ್ತರದ ಅರ್ಧ ನಿಮಗೆ ಉಪಯೋಗಕ್ಕೆ ಬರುತ್ತಿರಲಿಲ್ಲ.

ಬೆಂಗಳೂರಿಗೆ ಒಪ್ಪುವ ಆಫೀಸು ನಿಮ್ಮೂರಿಗೂ ಒಪ್ಪುತ್ತದೆಯೇ ಎಂಬುದು ನಿಮ್ಮ ಸಂದೇಹ. ಗಿಡ, ಸೋಫಾ ಇದ್ದರೆ ಇರಲಿ. ಗಾಜಿನ ಗೋಡೆ ಮಾತ್ರ ಬೇಡ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಿಮ್ಮ ಜಿಲ್ಲಾ ಕೇಂದ್ರ ಕಲಬುರಗಿ ಅದರ ಅರ್ಧದಷ್ಟು. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ಊರಿನಲ್ಲಿ ಬಿಸಿಲು ಒಳಗೆ ಬರುವ ಗೋಡೆ ಕಟ್ಟಿ, ಆ ಬಿಸಿಯನ್ನು ಹೊರಹಾಕಲು ಕರೆಂಟ್ ಬಿಲ್ ಕಟ್ಟುವುದು ಜಾಣತನವಲ್ಲ.

ನಿಮ್ಮ ಭಾಗದಲ್ಲಿ ನೌಕರರ ಕ್ಷೇಮವೆಂದರೆ ಮೊದಲು ಬಿಸಿಲಿನ ವಿಚಾರ. ಸರ್ಕಾರವೂ ಇದನ್ನು ಒಪ್ಪಿದೆ: ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಯಲ್ಲೂ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ವಾಡಿಕೆ ಇದೆ. ಒಂದು ಇಟ್ಟಿಗೆಯನ್ನೂ ಕದಲಿಸದೆ ಆಗುವ ಸುಧಾರಣೆ ಇದು. ತಹಶೀಲ್ದಾರ್ ಕಚೇರಿಗೆ ಬರುವವರೇ ನಿಮ್ಮ ಗಿರಾಕಿಗಳೂ ಆಗಿರುತ್ತಾರೆ, ಹಾಗಾಗಿ ಆ ಎರಡು ತಿಂಗಳು ನೀವೂ ಬೇಗ ಬಾಗಿಲು ತೆಗೆಯಿರಿ.

ಇನ್ನು ಕೋಣೆ. ಮೇ ಎರಡನೇ ವಾರದ ಸುಮಾರಿಗೆ ನಿಮ್ಮಲ್ಲಿ ಸೂರ್ಯ ನಡುಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೂ ನೆರಳು ಬೀಳುವುದಿಲ್ಲ. ಆ ಹೊತ್ತಿನ ಏಟು ಗೋಡೆಗಿಂತ ಮಾಳಿಗೆಗೇ ಹೆಚ್ಚು. ಆದ್ದರಿಂದ ಮೇಲಂತಸ್ತಿನ ಕೋಣೆ ಅಗ್ಗಕ್ಕೆ ಸಿಕ್ಕರೂ ನೆಲಮಾಳಿಗೆಯಲ್ಲದ, ನೆಲದ ಮಟ್ಟದ ಅಂತಸ್ತನ್ನೇ ಆರಿಸಿ. ಮೇಲಿನದೇ ಗತಿಯಾದರೆ ಮಾಳಿಗೆಗೆ ಪ್ರತಿ ಮಾರ್ಚ್‌ನಲ್ಲಿ ಬಿಳಿ ಸುಣ್ಣ ಹೊಡೆಸಿ. ಇಳಿಹೊತ್ತಿನ ಬಿಸಿಲು ಬೀಳುವ ಪಶ್ಚಿಮದ ಗೋಡೆಗೆ ಕಡತದ ಕಪಾಟು ಇಡಿ, ಜನರನ್ನು ಕೂರಿಸಬೇಡಿ. ನೆಲಕ್ಕೆ ನಿಮ್ಮ ಜಿಲ್ಲೆಯದೇ ಶಹಾಬಾದ್ ಫರಸಿ ಇದ್ದರೆ ಅದರ ಮೇಲೆ ಕಾರ್ಪೆಟ್ ಹಾಸುವ ಗೊಡವೆ ಬೇಡ.

ಕಲಬುರಗಿಗೆ ಹೋದಾಗ ಕೋಟೆಯೊಳಗಿನ ಜಾಮಿಯಾ ಮಸೀದಿಯನ್ನೊಮ್ಮೆ ನೋಡಿ. 1367ರ ಕಟ್ಟಡ. ಸಾಮಾನ್ಯವಾಗಿ ಮಸೀದಿಗಳಲ್ಲಿ ಬಯಲಾಗಿರುವ ಅಂಗಳವೂ ಇಲ್ಲಿ ಚಾವಣಿಯಡಿಗೆ ಬಂದಿದೆ, ಬೆಳಕು ಗಾಳಿ ಬದಿಯ ಕಮಾನುಗಳಿಂದ ಬರುತ್ತವೆ. ನಿಮಗೆ ಬೇಕಾದದ್ದೂ ಇಷ್ಟೇ: ಮೇಲೆ ದಪ್ಪ ನೆರಳು, ಉತ್ತರ ದಕ್ಷಿಣಕ್ಕೆ ಸಜ್ಜಾ ಇರುವ ಕಿಟಕಿ.

ಇಲ್ಲೊಂದು ಗೊಂದಲ ಬಹಳ ಜನರಿಗಿದೆ. ಎಸಿ ಹಾಕಿದಂತೆ ಕೂಲರ್ ಹಾಕಿದಾಗಲೂ ಕಿಟಕಿ ಬಾಗಿಲು ಮುಚ್ಚುತ್ತಾರೆ. ಅರ್ಧ ಗಂಟೆಯಲ್ಲಿ ಮೈಯೆಲ್ಲ ಅಂಟು ಅಂಟು, ಕಾಗದ ಮೆತ್ತಗೆ, ಕೊನೆಗೆ ಕೂಲರಿಗೆ ಬೈಗುಳ. ಕೂಲರ್ ಕೆಲಸ ಮಾಡುವುದು ನೀರು ಆವಿಯಾಗುವುದರಿಂದ. ಹೊರಗಿನ ಒಣಗಾಳಿ ಒದ್ದೆ ಹುಲ್ಲಿನ ಮೂಲಕ ಒಳಬರಬೇಕು, ತೇವ ಹೀರಿದ ಗಾಳಿ ಎದುರಿನ ಕಿಟಕಿಯಿಂದ ಹೊರಹೋಗಬೇಕು. ಆದ್ದರಿಂದ ಕೂಲರಿಗೆ ಕಿಟಕಿ ತೆರೆಯಿರಿ, ಎಸಿಗೆ ಮುಚ್ಚಿ. ಮಳೆಗಾಲದಲ್ಲಿ ಗಾಳಿಯೇ ತೇವವಾಗಿರುವುದರಿಂದ ಕೂಲರ್ ಸೋಲುತ್ತದೆ, ಆಗ ಫ್ಯಾನೇ ಸಾಕು.

ಮೇಜು ಕುರ್ಚಿಯ ಮಾತು ಚಿಕ್ಕದು. ಕಂಪ್ಯೂಟರ್ ಪರದೆಗೆ ಕಿಟಕಿ ಎದುರೂ ಬೇಡ, ಬೆನ್ನಿಗೂ ಬೇಡ, ಪಕ್ಕಕ್ಕಿರಲಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಪಾದ ನೆಲಕ್ಕೆ. ಕಾಲು ಎಟುಕದವರಿಗೆ ಒಂದು ಮಣೆ ಕೊಟ್ಟರೆ ಆಯಿತು.

ಸೋಫಾದ ಹಣವನ್ನು ನಾನಾದರೆ ಬೇರೆಡೆ ಹಾಕುತ್ತೇನೆ. ಹೆಣ್ಣುಮಕ್ಕಳಿಗೆ ಚಿಲಕ, ನೀರು ಎರಡೂ ಇರುವ ಪ್ರತ್ಯೇಕ ಶೌಚಾಲಯ ಮೊದಲು. ಅದಿಲ್ಲದ ಕಡೆ ಅವರು ಬೇಸಿಗೆಯಲ್ಲೂ ನೀರು ಕುಡಿಯದೆ ದಿನ ಕಳೆಯುತ್ತಾರೆ. ಆಮೇಲೆ ರೊಟ್ಟಿ ಬುತ್ತಿ ಬಿಚ್ಚಲು ಕಡತಗಳಿಲ್ಲದ ಒಂದು ಮೇಜು. ಐದು ಗಂಟೆ ದುಡಿದವರಿಗೆ ಒಂದು ಗಂಟೆ ಬಿಡುವು ಕೊಡಬೇಕೆಂದು 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ. ಆ ಗಂಟೆಗೊಂದು ಜಾಗ ಬೇಡವೆ?

ಕರಾರಿಗೆ ಸಹಿ ಹಾಕುವ ಮುನ್ನ ಮಧ್ಯಾಹ್ನ ಮೂರಕ್ಕೆ ಆ ಕೋಣೆಯಲ್ಲಿ ಫ್ಯಾನ್ ಆರಿಸಿ ಅರ್ಧ ಗಂಟೆ ಕುಳಿತು ನೋಡಿ. ಬಾಡಿಗೆಯ ಮಾತು ಆಮೇಲೆ ಆಡಿ.