ಹಾಜರಾತಿಯ ಲೆಕ್ಕವೂ ವಿದ್ಯಾರ್ಥಿವೇತನದ ಹಕ್ಕೂ

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ 1944ರಿಂದಲೂ ನಡೆದುಬಂದಿರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೇ ಆಗಲಿ, ಹಿಂದುಳಿದ ವರ್ಗದವರಿಗೂ ಅಲ್ಪಸಂಖ್ಯಾತರಿಗೂ ಅನಂತರ ಏರ್ಪಟ್ಟ ಸಹಾಯಧನಗಳೇ ಆಗಲಿ, ಗೊತ್ತಾದ ಅರ್ಹತೆಯುಳ್ಳವರಿಗೆ ಗೊತ್ತಾದ ನಿಯಮದ ಮೇರೆಗೆ ಸಲ್ಲತಕ್ಕ ದ್ರವ್ಯವೆಂಬುದನ್ನು ನಮ್ಮ ಕಾಲೇಜುಗಳ ಕಚೇರಿಗಳೂ ಎಷ್ಟೋ ಸಲ ವಿದ್ಯಾರ್ಥಿಗಳೂ ಮರೆತುಬಿಡುತ್ತಾರೆ. ಆ ನಿಯಮಗಳ ಪೈಕಿ ಹಾಜರಾತಿಯದೂ ಒಂದು. ವರಮಾನ, ಜಾತಿ, ಅಂಕಪಟ್ಟಿ ಇವೆಲ್ಲವೂ ಕ್ರಮವಾಗಿದ್ದು, ಹಾಜರಾತಿಯೊಂದರ ಕೊರತೆಯಿಂದ ವರ್ಷದ ಹಣ ನಿಂತುಹೋದ ಮನೆಗಳ ಸಂಕಟ ಅಲ್ಪವಾದುದಲ್ಲ. ಅಂಥ ಪ್ರಸಂಗದಲ್ಲಿ ಕಾನೂನು ಏನು ಹೇಳುತ್ತದೆ, ಯಾರಿಗೆ ಯಾವಾಗ ಬರೆಯಬೇಕು ಎಂಬುದನ್ನು ತಿಳಿದಿದ್ದರೆ ಆ ಸಂಕಟದ ಬಹುಭಾಗವನ್ನು ತಪ್ಪಿಸಬಹುದು.

ಮೊದಲು ಲೆಕ್ಕದ ಮಾತು. ನಮ್ಮ ಬಹುತೇಕ ವಿಶ್ವವಿದ್ಯಾಲಯಗಳು ಪರೀಕ್ಷೆಗೆ ಕೂರಲು ಶೇಕಡ 75ರಷ್ಟು ಹಾಜರಾತಿಯನ್ನು ಕೇಳುತ್ತವೆ. ಸೆಮಿಸ್ಟರಿನಲ್ಲಿ ಆರು ವಿಷಯಗಳು, ಒಂದೊಂದಕ್ಕೆ 64 ತರಗತಿಗಳು ಎಂದಿಟ್ಟುಕೊಳ್ಳೋಣ. ಹಳ್ಳಿಯಿಂದ ಬರುವ ಹುಡುಗಿಯೊಬ್ಬಳ ಬಸ್ಸು ವಾರದಲ್ಲಿ ಒಂದೆರಡು ದಿನ ತಡವಾಗಿ, ಮೊದಲನೆಯ ಪೀರಿಯಡ್ಡು ಆಕೆಗೆ ಕೈತಪ್ಪುತ್ತದೆ. ಉಳಿದ ಐದು ವಿಷಯಗಳಲ್ಲಿ 60 ತರಗತಿಗಳಿಗೆ ಹಾಜರಾದವಳು ಈ ಒಂದರಲ್ಲಿ 47ಕ್ಕೆ ಮಾತ್ರ ಹಾಜರಾಗಿದ್ದಾಳೆ. ಒಟ್ಟು ಲೆಕ್ಕದಲ್ಲಿ ಆಕೆಯದು ಶೇಕಡ 90ಕ್ಕೆ ಮೇಲ್ಪಟ್ಟ ಹಾಜರಾತಿ; ವಿಷಯವಾರು ಎಣಿಸಿದರೆ ಆ ಒಂದು ವಿಷಯದಲ್ಲಿ 73.4, ಎಂದರೆ ಒಂದೇ ಒಂದು ತರಗತಿಯ ಕೊರತೆ. ಆದ್ದರಿಂದ ತನ್ನ ವಿಶ್ವವಿದ್ಯಾಲಯದ ನಿಯಮವು ವಿಷಯವಾರು ಎಣಿಸುತ್ತದೆಯೋ ಒಟ್ಟಾರೆ ಎಣಿಸುತ್ತದೆಯೋ, ಕೊರತೆಯನ್ನು ಮನ್ನಿಸುವ ಅಧಿಕಾರ ಯಾರಿಗಿದೆ, ಎಷ್ಟರ ಮಟ್ಟಿಗಿದೆ ಎಂಬುದನ್ನು ಸೆಮಿಸ್ಟರಿನ ಆರಂಭದಲ್ಲಿಯೇ ಕೇಳಿ ತಿಳಿದುಕೊಳ್ಳತಕ್ಕದ್ದು. ಎನ್‌ಸಿಸಿ, ಎನ್‌ಎಸ್‌ಎಸ್, ಕ್ರೀಡಾಕೂಟಗಳಿಗೆ ಹೋದ ದಿನಗಳ ಪತ್ರವನ್ನು ಆಯಾ ವಾರದಲ್ಲಿಯೇ ವಿಭಾಗದ ಮುಖ್ಯಸ್ಥರಿಗೆ ಕೊಡುವುದು ಕ್ಷೇಮ. ಗರ್ಭಿಣಿಯರಿಗೂ ಬಾಣಂತಿಯರಿಗೂ ರಜೆ ಮತ್ತು ಹಾಜರಾತಿಯ ವಿನಾಯಿತಿ ದೊರೆಯುವಂತೆ ನಿಯಮ ರಚಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರ ಡಿಸೆಂಬರಿನಲ್ಲಿಯೇ ಎಲ್ಲ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿದೆಯೆಂಬುದನ್ನೂ ಇಲ್ಲಿ ನೆನಪಿಸಬೇಕು.

ಪರೀಕ್ಷೆಯ ನಿಯಮ ಬೇರೆ, ವಿದ್ಯಾರ್ಥಿವೇತನದ ನಿಯಮ ಬೇರೆ. ಇವೆರಡನ್ನೂ ಕಲಸಿ ಮಾತಾಡುವುದರಿಂದಲೇ ಅನೇಕ ಅನ್ಯಾಯಗಳು ಜರುಗುತ್ತವೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮಾರ್ಗಸೂಚಿಗಳಲ್ಲಿ ಬಹುಕಾಲದಿಂದ ಬಂದಿರುವ ಷರತ್ತು ಇದು: ಒಮ್ಮೆ ಮಂಜೂರಾದ ವೇತನವು ಸದ್ವರ್ತನೆ ಮತ್ತು ಕ್ರಮವಾದ ಹಾಜರಾತಿಗೆ ಒಳಪಟ್ಟು ವ್ಯಾಸಂಗ ಮುಗಿಯುವವರೆಗೆ ವರ್ಷವರ್ಷವೂ ನವೀಕರಣಗೊಳ್ಳತಕ್ಕದ್ದು, ವಿದ್ಯಾರ್ಥಿಯು ಸಂಬಂಧಪಟ್ಟವರ ಅನುಮತಿಯಿಲ್ಲದೆ ಗೈರುಹಾಜರಾಗುತ್ತಿದ್ದಾನೆಂದು ಸಂಸ್ಥೆಯ ಮುಖ್ಯಸ್ಥರು ವರದಿ ಮಾಡಿದರೆ, ಮಂಜೂರು ಮಾಡಿದ ಅಧಿಕಾರಿಯು ವೇತನವನ್ನು ರದ್ದುಗೊಳಿಸಬಹುದು ಅಥವಾ ತಡೆಹಿಡಿಯಬಹುದು. ಈ ಷರತ್ತನ್ನು ನಿಧಾನವಾಗಿ ಓದಿದವರಿಗೆ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಲಿಖಿತ ಅನುಮತಿ ಪಡೆದ ಗೈರುಹಾಜರಿಯು ಈ ದೋಷದ ವ್ಯಾಪ್ತಿಗೆ ಸೇರದು. ಆದಕಾರಣ ಜ್ವರ ಬಂದಾಗ, ಮನೆಯಲ್ಲಿ ಸಾವುನೋವು ಸಂಭವಿಸಿದಾಗ ರಜೆಯ ಅರ್ಜಿ ಬರೆದು, ಅದರ ಪ್ರತಿಯ ಮೇಲೆ ಕಚೇರಿಯ ಮೊಹರನ್ನೂ ತಾರೀಖನ್ನೂ ಹಾಕಿಸಿಕೊಳ್ಳುವುದು ಅತ್ಯಾವಶ್ಯಕ. ಎರಡನೆಯದಾಗಿ, ರದ್ದುಪಡಿಸುವ ಅಧಿಕಾರವು ಕಾಲೇಜಿನ ಗುಮಾಸ್ತರಿಗಾಗಲಿ ಪ್ರಾಂಶುಪಾಲರಿಗಾಗಲಿ ಇಲ್ಲ. ಅದು ಇಲಾಖೆಯದು, ಮತ್ತು ಅಂಥ ಪ್ರತಿಕೂಲ ಆಜ್ಞೆಗೆ ಮುಂಚೆ ವಿದ್ಯಾರ್ಥಿಯ ಅಹವಾಲನ್ನು ಕೇಳುವುದು ಸಹಜ ನ್ಯಾಯದ ತತ್ತ್ವ. ‘ನಿನ್ನ ಹಾಜರಿ ಸಾಲದು, ಅರ್ಜಿಯನ್ನು ಮುಂದಕ್ಕೆ ಕಳಿಸುವುದಿಲ್ಲ’ ಎಂದು ಕಿಟಕಿಯಲ್ಲಿ ನಿಂತು ಬಾಯಿಮಾತಿನಲ್ಲಿ ಹೇಳಿದರೆ, ಕಾರಣವನ್ನು ಬರೆದುಕೊಡಿರೆಂದು ವಿನಯದಿಂದಲೇ, ಆದರೆ ಬಿಡದೆ ಕೇಳಬೇಕು.

ಕರ್ನಾಟಕದಲ್ಲಿ ಅರ್ಜಿಗಳು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಂದರೆ ಎಸ್‌ಎಸ್‌ಪಿಯ ಮೂಲಕ ಸಾಗುತ್ತವೆ. ಕಾಲೇಜಿನ ಮಟ್ಟದ ಪರಿಶೀಲನೆ ಎಲ್ಲಿಗೆ ಬಂತೆಂಬುದನ್ನು ವಿದ್ಯಾರ್ಥಿಯೇ ಅಲ್ಲಿ ನೋಡಬಹುದು. ಪರಿಶಿಷ್ಟ ಜಾತಿಯವರ ಯೋಜನೆಯಲ್ಲಿ 2021-22ರಿಂದ ಕೇಂದ್ರದ ಶೇಕಡ 60ರ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ, ಅದೂ ರಾಜ್ಯವು ತನ್ನ ಪಾಲನ್ನು ಬಿಡುಗಡೆ ಮಾಡಿದ ಮೇಲೆ, ಬರುತ್ತದೆ. ಹಣ ಬಾರದಿದ್ದುದಕ್ಕೆಲ್ಲ ಹಾಜರಾತಿಯೇ ಕಾರಣವೆಂದು ಭಾವಿಸಲಾಗದು. ಆಧಾರ್ ಜೋಡಣೆ ಬೇರೊಂದು ಖಾತೆಗೆ ಆಗಿದ್ದರೂ ಹಣ ಅಲ್ಲಿಗೆ ಹೋಗಿರಬಹುದು.

ಹಾಜರಾತಿಯನ್ನು ದಾಖಲಿಸುವ ಬೆರಳಚ್ಚಿನ ಯಂತ್ರದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ರಜೆಯಲ್ಲಿ ಕಳೆ ಕಿತ್ತು, ಇಟ್ಟಿಗೆ ಹೊತ್ತು ಬೆರಳ ತುದಿಯ ಗೆರೆ ಸವೆದ ಹುಡುಗನು ಯಂತ್ರದ ಮುಂದೆ ಮೂರು ಸಲ, ನಾಲ್ಕು ಸಲ ಬೆರಳೊತ್ತಿದರೂ ಯಂತ್ರವು ಅವನನ್ನು ಗುರುತಿಸದೆ, ತರಗತಿಯಲ್ಲಿ ಕುಳಿತು ಪಾಠ ಕೇಳಿದವನು ದಾಖಲೆಯಲ್ಲಿ ಗೈರುಹಾಜರಾಗುವುದುಂಟು. ಯಾರಿಗಾಗಿ ವೇತನ ಏರ್ಪಟ್ಟಿತೋ ಅವರನ್ನೇ ಈ ಯಂತ್ರ ಹೆಚ್ಚಾಗಿ ತಿರಸ್ಕರಿಸುವುದು ನನಗೆ ಅತ್ಯಂತ ವ್ಯಥೆಯ ವಿಷಯವಾಗಿದೆ. ಬೆರಳಚ್ಚು ತಾಳೆಯಾಗಲಿಲ್ಲವೆಂಬ ಕಾರಣಕ್ಕೆ ಯಾರಿಗೂ ಸೌಲಭ್ಯವನ್ನು ನಿರಾಕರಿಸಕೂಡದೆಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್ ತಿಂಗಳ ಸುತ್ತೋಲೆಯಲ್ಲಿ ತಿಳಿಸಿದೆ. ಅದನ್ನು ಉಲ್ಲೇಖಿಸಿ, ಆ ದಿನವೇ ಉಪನ್ಯಾಸಕರಿಂದ ಹಾಜರಿದ್ದುದರ ಸಹಿ ಪಡೆದು, ದಾಖಲೆಯನ್ನು ತಿದ್ದಬೇಕೆಂದು ಪ್ರಾಂಶುಪಾಲರಿಗೆ ಬರೆಯಬೇಕು.

ಬರೆದುದಕ್ಕೆ ಫಲ ದೊರೆಯದಿದ್ದರೆ, ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಮಾಹಿತಿ ಹಕ್ಕಿನ ಅರ್ಜಿಯು ಸುಲಭವಾದ ಮುಂದಿನ ಹೆಜ್ಜೆ. ಶುಲ್ಕ 10 ರೂಪಾಯಿ. ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳನ್ನು ಮೀರಬಾರದು. ತನ್ನ ಹಾಜರಿ ದಾಖಲೆಯ ನಕಲು, ಅರ್ಜಿಯನ್ನು ತಡೆದ ಆದೇಶದ ನಕಲು, ಇಷ್ಟು ಕೇಳಿದರೆ ಸಾಕು. 30 ದಿನಗಳಲ್ಲಿ ಉತ್ತರ ಬರತಕ್ಕದ್ದು, ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಮೊದಲ ಮೇಲ್ಮನವಿ ಸಲ್ಲಿಸಬಹುದು. ಖಾಸಗಿ ಕಾಲೇಜಾದರೆ ಇಲಾಖೆಗೆ ತರಿಸಿಕೊಳ್ಳಲು ಅಧಿಕಾರವಿರುವ ದಾಖಲೆಗಳನ್ನು ಇಲಾಖೆಯ ಮೂಲಕವೇ ಕೇಳಬಹುದು.

ಇದರ ಜೊತೆಗೆ, ಅನುದಾನ ಆಯೋಗವು 2023ರ ಏಪ್ರಿಲಿನಲ್ಲಿ ಹೊರಡಿಸಿದ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲಿಯೂ ಒಂದು ಸಮಿತಿ ಇರಬೇಕು. ಸಂಸ್ಥೆಯು ಹೊಣೆಹೊತ್ತ ವಿದ್ಯಾರ್ಥಿವೇತನವನ್ನು ಕೊಡದಿರುವುದೂ ತಡಮಾಡುವುದೂ ಆ ನಿಯಮಗಳಲ್ಲಿ ಕುಂದುಕೊರತೆಯೆಂದೇ ಎಣಿಸಲ್ಪಟ್ಟಿವೆ. ಸಮಿತಿಯು ದೂರು ತಲುಪಿದ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೃಪ್ತಿಯಾಗದವರು 15 ದಿನಗಳಲ್ಲಿ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ತಡೆ ಇಲಾಖೆಯಲ್ಲಿಯೇ ಉಂಟಾಗಿದ್ದರೆ ಸಮಿತಿಯಿಂದ ಪ್ರಯೋಜನವಿಲ್ಲ. ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಜಿಲ್ಲಾ ಅಧಿಕಾರಿಗೆ ದಾಖಲೆಗಳ ಸಹಿತ ಮನವಿ ಕೊಡಬೇಕು.

ವಕೀಲರ ಶುಲ್ಕಕ್ಕೆ ಹೆದರಿ ಹಿಂಜರಿಯಬೇಕಾದುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಪ್ರಕರಣದಂತೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಸ್ತ್ರೀಯರಿಗೂ ವರಮಾನದ ಮಿತಿಯಿಲ್ಲದೆ, ಇತರರಿಗೆ ವರಮಾನವನ್ನು ನೋಡಿ, ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ಇದಕ್ಕಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಬಹುದು. ಹೋಗಲಾಗದವರು 15100ಕ್ಕೆ ದೂರವಾಣಿ ಮಾಡಬಹುದು.