ಅಂಗವಿಕಲ ಮಕ್ಕಳ ಶಿಕ್ಷಣ: ಹಕ್ಕು ಮತ್ತು ಪರಿಹಾರ ಮಾರ್ಗ

ಅಂಗವಿಕಲ ಮಗುವಿಗೆ ಶಾಲೆಯಲ್ಲಿ ಪ್ರವೇಶ ನೀಡುವುದನ್ನು ಸಮಾಜವು ಬಹುಕಾಲ ದಯೆಯ ವಿಷಯವೆಂದೇ ಭಾವಿಸಿತ್ತು. 1996ರ ಫೆಬ್ರವರಿ 7ರಂದು ಜಾರಿಗೆ ಬಂದ 1995ರ ಅಧಿನಿಯಮವು, 18 ವರ್ಷ ತುಂಬುವವರೆಗೆ ಇಂಥ ಮಕ್ಕಳಿಗೆ ಉಚಿತ ಶಿಕ್ಷಣ ದೊರಕಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿತು. ಅದರ ಸ್ಥಾನದಲ್ಲಿ 2017ರ ಏಪ್ರಿಲ್ 19ರಿಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಜಾರಿಯಲ್ಲಿದೆ.

ಶಾಲೆಯ ಕರ್ತವ್ಯ

ಸರ್ಕಾರ ಅಥವಾ ಸ್ಥಳೀಯ ಸಂಸ್ಥೆಯಿಂದ ಅನುದಾನ ಇಲ್ಲವೆ ಮಾನ್ಯತೆ ಪಡೆದ ಎಲ್ಲ ಶಾಲೆಗಳಿಗೂ ಈ ಅಧಿನಿಯಮದ 16ನೇ ಪ್ರಕರಣ ಅನ್ವಯಿಸುತ್ತದೆ. ಗುಜರಾತಿನ ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳಲ್ಲಿ ಮಹಾನಗರಪಾಲಿಕೆಯ ಶಿಕ್ಷಣ ಸಮಿತಿಗಳು ನಡೆಸುವ ಪ್ರಾಥಮಿಕ ಶಾಲೆಗಳೂ ಇದಕ್ಕೆ ಒಳಪಡುತ್ತವೆ. ತಾರತಮ್ಯವಿಲ್ಲದೆ ಪ್ರವೇಶ ನೀಡುವುದು, ಕಟ್ಟಡದಲ್ಲಿ ಸುಲಭವಾಗಿ ಓಡಾಡಲು ಅನುಕೂಲ ಕಲ್ಪಿಸುವುದು, ಅಂಧ ಹಾಗೂ ಕಿವುಡ ಮಕ್ಕಳಿಗೆ ತಕ್ಕ ಭಾಷೆ ಮತ್ತು ವಿಧಾನದಲ್ಲಿ ಕಲಿಸುವುದು ಶಾಲೆಯ ಕರ್ತವ್ಯವಾಗಿದೆ. ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ. ಪ್ರವೇಶದಲ್ಲಿ ತಾರತಮ್ಯ ಕೂಡದೆಂಬ ನಿಯಮಕ್ಕಾದರೋ ಈ ಮಿತಿಯಿಲ್ಲ.

ಪ್ರವೇಶ ನಿರಾಕರಿಸಿದರೆ

ಪೋಷಕರು ನಿರಾಕರಣೆಯ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯುವುದು ಒಳಿತು. ಬಳಿಕ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಸಾಕ್ಷಿಗಳನ್ನು ಕರೆಸಲು, ದಾಖಲೆಗಳನ್ನು ತರಿಸಲು ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸು ತಲುಪಿದ 3 ತಿಂಗಳೊಳಗೆ ಸಂಬಂಧಪಟ್ಟ ಪ್ರಾಧಿಕಾರವು ಕ್ರಮ ಕೈಗೊಳ್ಳಬೇಕು. ಒಪ್ಪದಿದ್ದಲ್ಲಿ ಕಾರಣವನ್ನು ಆಯುಕ್ತರಿಗೂ ನೊಂದವರಿಗೂ ತಿಳಿಸಬೇಕು. ಬಂಧನಕಾರಿ ಆದೇಶ ಬೇಕಾದಾಗ ಸಂವಿಧಾನದ 226ನೇ ಅನುಚ್ಛೇದದಡಿ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸುವ ಮಾರ್ಗವಿದೆ. ಗುಜರಾತಿನ ಹೈಕೋರ್ಟ್ ಅಹಮದಾಬಾದಿನಲ್ಲಿದೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಮೇರೆಗೆ ಮಕ್ಕಳೂ ಅಂಗವಿಕಲರೂ ಉಚಿತ ಕಾನೂನು ನೆರವಿಗೆ ಅರ್ಹರು.

ನ್ಯಾಯಾಲಯಗಳ ಪಾತ್ರ

ಪ್ರವೇಶ ದೊರೆತರೂ ಕಲಿಸಬಲ್ಲ ಶಿಕ್ಷಕರಿಲ್ಲದಿದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಇದನ್ನು ಮನಗಂಡ ಸುಪ್ರೀಂ ಕೋರ್ಟ್, ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು, ಅಂಗವಿಕಲ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕರ ಪ್ರಮಾಣವನ್ನು ನಿಗದಿಪಡಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು.

ಉನ್ನತ ಶಿಕ್ಷಣದಲ್ಲೂ ನ್ಯಾಯಾಲಯದ ನೆರವು ಫಲಿಸಿದೆ. ಸುಮಾರು 3 ಅಡಿ ಎತ್ತರದ ಗುಜರಾತಿನ ಗಣೇಶ್ ಬರೈಯಾ ಅವರಿಗೆ ವೈದ್ಯಕೀಯ ಪ್ರವೇಶ ನಿರಾಕರಿಸಲಾಗಿತ್ತು. ಗುಜರಾತ್ ಹೈಕೋರ್ಟಿನಲ್ಲಿ ಸೋತರೂ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರಿಗೆ ಜಯ ದೊರೆಯಿತು. 2019ರಲ್ಲಿ ಭಾವನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಸೇರಿದ ಅವರು ಮುಂದೆ ವೈದ್ಯರಾದರು.

ವ್ಯಾಜ್ಯ ಮುಗಿಯುವುದರೊಳಗೆ ಮಗುವಿನ ಒಂದು ಶಾಲಾವರ್ಷವೇ ಕಳೆದುಹೋಗಬಹುದು. ಆದುದರಿಂದ ಪೋಷಕರು ವಿಳಂಬಿಸದೆ ದೂರು ನೀಡುವುದು, ಶಾಲೆಗಳು ದೂರಿಗೆ ಎಡೆಗೊಡದೆ ಮಗುವನ್ನು ಸೇರಿಸಿಕೊಳ್ಳುವುದು ಅಗತ್ಯ.